ಕೈ ಹಿಡಿದರು ಅಂದರೇನು

೧೯೭೯ರಲ್ಲಿ ಏಳನೇ ಇಯತ್ತೆ ಮುಗಿಸಿ ನಾನು ಶಾಲೆ ಬಿಟ್ಟೆ. ಫೇಲಾಗಿ ಬಿಟ್ಟವನಲ್ಲ, ಪಾಸಾಗಿ ಬಿಟ್ಟವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಅಬ್ಬಾ ಬೆಳಗಾವಿಯ ರವಿವಾರ ಪೇಟೆಯಲ್ಲಿ ಬೆಲ್ಲದ ಪೆಂಟಿ, ಮೆಣಸಿನಕಾಯಿ ಚೀಲ ಹೇರಿದ ಕೈಗಾಡಿ ಎಳೆಯುತ್ತಿದ್ದರು. ಅವರ ಸೊಂಟ ಕೂತುಬಿಟ್ಟಿತು, ನಾನು ಲಾರಿಯ ಕ್ಲೀನರ್ ಆದೆ. ಮುಂದೆ ಸ್ಟೀರಿಂಗ್ ಸಿಕ್ಕಿತು. ಅದಾದ ಮೇಲೆ ಸರಕಾರಿ ಮಂಡಳಿಯೊಂದರಲ್ಲಿ ಚಾಲಕನ ನೌಕರಿ ಸಿಕ್ಕಿತು. ಹೋದ ವರ್ಷ ನಿವೃತ್ತನಾದೆ. ಇಷ್ಟು ಕಾಲದಲ್ಲಿ ನನ್ನ ಗಾಡಿಗೆ ಸಿಕ್ಕು ಒಂದು ಕೋಳಿಯೂ ಸತ್ತಿಲ್ಲ. ಬಡ್ತಿಯ ಮಾತು ಬರೆಯುವುದಿಲ್ಲ. ಡ್ರೈವರನಿಗೆ ಬಡ್ತಿ ಅಂದರೆ ಗಾಡಿ ಬದಲಾಗುವುದು, ಕೂರುವ ಜಾಗ ಅದೇ.

ಬೀಳ್ಕೊಡುಗೆಯ ದಿನ ಹೊಸದಾಗಿ ಸೇರಿದ ಚಾಲಕನೊಬ್ಬ ಕೇಳಿದ: “ದಾವಲ್ ಮಾಮಾ, ಈ ನೌಕರಿಯೊಳಗ ಎಲ್ಲಾಕ್ಕಿಂತ ತ್ರಾಸಿನ ರಸ್ತಾ ಯಾವುದರಿ? ಚೋರ್ಲಾ ಘಾಟೇನು?”

“ಘಾಟಿಗೆ ಗೇರ್ ಐತಪಾ,” ಎಂದೆ. “ಹಿಂದಿನ ಸೀಟಿಗೆ ಗೇರ್ ಇಲ್ಲ.”

ಎಲ್ಲರೂ ನಕ್ಕರು, ಕೇಳಿದವನೂ ನಕ್ಕ. ಆದರೆ ನಾನು ನಗೆಯ ಮಾತು ಆಡಿರಲಿಲ್ಲ. ಅವನಿಗೆ ಅಂದು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ಕನ್ನಡಿಯ ವಿಷಯ. ಗಾಡಿಯೊಳಗೆ ಡ್ರೈವರನ ತಲೆಯ ಮುಂದೆ ತೂಗುವ ನಡುಗನ್ನಡಿ ಇರುತ್ತದಲ್ಲ, ಅದು ಇರುವುದು ಹಿಂದಿನ ರಸ್ತೆ ನೋಡಲಿಕ್ಕೆ. ಆದರೆ ರಸ್ತೆಗೂ ಕನ್ನಡಿಗೂ ನಡುವೆ ಸಾಹೇಬರು ಕೂತಿರುತ್ತಾರೆ. ಅವರಿಗೆ ಅದು ಡ್ರೈವರನ ಮೂರನೇ ಕಣ್ಣಿನ ಹಾಗೆ ಕಾಣುತ್ತದೆ. ಕೆಲವರು ಅದನ್ನು ಮೇಲಕ್ಕೆ ತಿರುಗಿಸು ಎನ್ನುತ್ತಾರೆ. ಮೇಲಕ್ಕೆ ತಿರುಗಿಸಿದ ಕನ್ನಡಿಯಲ್ಲಿ ಗಾಡಿಯ ಚಾವಣಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ನನಗೆ ಮೊದಲು ಸಿಕ್ಕ ಇಂಜಿನಿಯರ್ ಸಾಹೇಬರು ಹಾಗೆಯೇ ಮಾಡಿಸಿದ್ದರು. ಕಾರಣ ಕೆಟ್ಟದ್ದಲ್ಲ. ಅವರು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು, ಅದನ್ನು ನಾನು ನೋಡಬಾರದು, ಅಷ್ಟೇ. ಒಮ್ಮೆ ಖಾನಾಪುರದಿಂದ ಹೊರಟಿದ್ದೆವು. ಊರು ದಾಟುವ ಮೊದಲು ಅವರು ಪಾನ್ ಬೀಡಾಕ್ಕೆಂದು ಗಾಡಿ ನಿಲ್ಲಿಸಿದರು. ಬಾಗಿಲು ಬಡಿದ ಸದ್ದು ಕೇಳಿತು. ಪಾನಿನವನೇ ಬಂದು ಕೊಟ್ಟು ಹೋದ ಎಂದುಕೊಂಡು ನಾನು ಹೊರಟೆ. ಬಡಿದದ್ದು ಅವರು ಇಳಿದ ಬಾಗಿಲು. ಈ ಸಲ ಭತ್ತ ಹೇಗೆ ಬಂದಿದೆ, ರೈಲ್ವೆ ಗೇಟು ಎಷ್ಟು ಹೊತ್ತು ಹಾಕುತ್ತಾರೆ ಎಂದೆಲ್ಲ ಮಾತಾಡುತ್ತ ದೇಸೂರಿನವರೆಗೆ ಬಂದೆ. ಅಲ್ಲಿ ಬಾಜುವಿನ ಟೆಂಪೋದವನು ಕೂಗಿದ: “ಯಾರ ಕೂಡ ಮಾತಾಡಾಕತ್ತೀಪಾ? ಹಿಂದ ಯಾರೂ ಇಲ್ಲಲೋ!”

ಗಾಡಿ ಹೊರಳಿಸಿಕೊಂಡು ತಿರುಗಿ ಖಾನಾಪುರಕ್ಕೆ ಓಡಿದೆ. ಸಾಹೇಬರು ಪಾನಿನ ಅಂಗಡಿಯ ಮಗ್ಗುಲಿನ ಬಾಕಿನ ಮೇಲೆ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದರು.

“ಏನೋ ದಾವಲ್, ನಾ ಇಲ್ಲಂದ್ರ ಗಾಡಿ ಹಗುರ ಓಡತೈತೇನು?”

“ಇಲ್ರಿ ಸಾಹೇಬ್ರ... ನಾ ನಿಮ್ಮ ಕೂಡನ ಮಾತಾಡ್ಕೋತ ಹೊಂಟಿದ್ನಿರಿ.”

“ನಾ ಏನಂದೆ ಮತ್ತ?”

“ನೀವ್ ಎಲ್ಲಾಕ್ಕೂ ಹೂಂ ಅಂದ್ರಿ.”

ಅವರು ಭಜಿ ನೆತ್ತಿಗೇರುವಷ್ಟು ನಕ್ಕರು. ಗಾಡಿ ಹತ್ತಿದವರೇ ಕೈ ಚಾಚಿ ಕನ್ನಡಿಯನ್ನು ಕೆಳಗೆ ಇಳಿಸಿದರು. “ಬಾಯಿ ತಗದ ಮಾರಿ ನೋಡಿದ್ರ ನೋಡು. ಬಿಟ್ಟು ಹೋಗೂದಕಿಂತ ಅದು ಚೊಲೋ.”

ಆಮೇಲೆ ಬಂದ ಒಬ್ಬ ಮೇಡಂ ಮೊದಲ ದಿನವೇ, “ಕನ್ನಡಿ ನಿಂದು, ಫೈಲ್ ನಂದು” ಎಂದಿದ್ದರು. ಅವರ ಕಾಲದಲ್ಲಿ ಇನ್ನೊಂದು ಪದ್ಧತಿ ಗಟ್ಟಿಯಾಯಿತು. ಕಚೇರಿಯ ಹೆಣ್ಣುಮಗಳು ಒಬ್ಬಳೇ ಪ್ರವಾಸಕ್ಕೆ ಬಂದರೆ ಅವಳಿಗೆ ಮುಂದಿನ ಸೀಟು. ಕಾಗದದ ಮೇಲೆ ಇದ್ದ ನಿಯಮವಲ್ಲ. ಆದರೆ ಎಲ್ಲ ಡ್ರೈವರರೂ ಪಾಲಿಸುತ್ತಿದ್ದೆವು, ಯಾರೂ ಬಿಡಿಸಿ ಹೇಳುತ್ತಿರಲಿಲ್ಲ.

ಆ ಪದ್ಧತಿಯನ್ನು ಮುರಿದವರು ನಮ್ಮ ಅಧ್ಯಕ್ಷರು.

ಮಂಡಳಿಯ ಅಧ್ಯಕ್ಷಗಿರಿ ಎಂದರೆ ಪಕ್ಷದವರಿಗೆ ಸರಕಾರ ಕೊಡುವ ಕುರ್ಚಿ. ಅವರು ಬಂದ ವಾರ ಊರ ತುಂಬ ಅವರ ಫ್ಲೆಕ್ಸು. ಒಂದು ಫ್ಲೆಕ್ಸು ಕೋಟೆಯ ಬಾಗಿಲ ಎದುರಿಗೆ ಎಷ್ಟು ದೊಡ್ಡದಿತ್ತೆಂದರೆ ಅದರಲ್ಲಿ ಅವರ ಮೂಗೇ ಒಂದು ಆಟೋದಷ್ಟಿತ್ತು. ಮಾತು ಮಾತ್ರ ಮೆತ್ತಗೆ. ಎಲ್ಲರನ್ನೂ ಅಣ್ಣ, ತಂಗಿ ಎಂದೇ ಕರೆಯುತ್ತಿದ್ದರು. ಗಾಡಿ ಹತ್ತಿದ ಮೊದಲ ದಿನ ನನಗೆ ಅಂದದ್ದು ಎರಡೇ ಮಾತು: “ದಾವಲಣ್ಣ, ಆ ಕನ್ನಡಿ ಸ್ವಲ್ಪ ಮ್ಯಾಲ ಮಾಡು. ಮುಂದಿನ ಸೀಟಿನ್ಯಾಗ ಯಾರ್ನೂ ಕುಂದ್ರಸಬ್ಯಾಡ, ಹಾರ ಶಾಲು ಇಡಾಕ ಬೇಕು.”

ಹೀಗೆ ಮುಂದಿನ ಸೀಟು ಚೆಂಡುಹೂವಿನ ಹಾರ, ಜರಿ ಶಾಲು, ಹಣ್ಣಿನ ಬುಟ್ಟಿಗಳ ಪಾಲಾಯಿತು. ಬಂದ ಹೆಣ್ಣುಮಕ್ಕಳು ಹಿಂದಿನ ಸೀಟಿಗೆ ಹೋದರು.

ಗಾಡಿಗೆ ಆ ವರ್ಷವೇ ಜಿಪಿಎಸ್ ಹಾಕಿದರು. ಲಾಗ್ ಪುಸ್ತಕ ಬರೆಯುವ ಕಾಲ ಹೋಗಿ, ಗಾಡಿ ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಎಂದು ಬೆಂಗಳೂರಿನವರೆಗೂ ಗೊತ್ತಾಗುವ ಕಾಲ ಬಂತು. ಹೊಸಬರಿಗೆ ಒಂದು ಮಾತು: ಗಾಡಿ ಎಲ್ಲಿಗೆ ಹೋಯಿತು ಅನ್ನುವುದು ಆ ಯಂತ್ರಕ್ಕೆ ಗೊತ್ತು, ಗಾಡಿಯೊಳಗೆ ಏನಾಯಿತು ಅನ್ನುವುದು ಗೊತ್ತಿಲ್ಲ.

ಖಾನಾಪುರ ತಾಲೂಕಿನಲ್ಲಿ ನಮ್ಮ ಮಂಡಳಿಗಾಗಿ ಮಹಿಳಾ ಸಂಘಗಳ ಕೆಲಸ ನೋಡುತ್ತಿದ್ದವಳು ಶುಭಾಂಗಿ. ನಿಜವಾದ ಹೆಸರು ಅದಲ್ಲ. ಇದನ್ನು ಬರೆಯಲೇ ಎಂದು ಅವಳನ್ನೇ ಕೇಳಿದೆ. “ಬರೀರಿ ಮಾಮಾ. ಹೆಸರು ಮಾತ್ರ ಬ್ಯಾರೆ ಇಡ್ರಿ, ಆದ್ರ ಚಂದದ್ದು ಇಡ್ರಿ,” ಎಂದಳು. ಮನೆಯ ಮಾತು ಮರಾಠಿ. ಕನ್ನಡ ಸಂತೆಗೆ, ಕಚೇರಿಗೆ ಸಾಲುವಷ್ಟು ಬರುತ್ತಿತ್ತು. ನೌಕರಿ ಒಪ್ಪಂದದ್ದು, ಪ್ರತಿ ವರ್ಷ ಅಧ್ಯಕ್ಷರು ಸಹಿ ಮಾಡಿದರೆ ಮುಂದಿನ ವರ್ಷ. ಆ ಸಹಿಯ ಮೇಲೆ ಅವಳ ಮನೆ ನಡೆಯುತ್ತಿತ್ತು: ಗಂಡನಿಗೆ ಫೌಂಡ್ರಿಯಲ್ಲಿ ಕಾಲು ಸುಟ್ಟು ಕೆಲಸ ತಪ್ಪಿತ್ತು, ಮಗಳು ಇನ್ನೂ ಚಿಕ್ಕವಳು.

ಆ ದಿನ ನಂದಗಡದ ಹತ್ತಿರ ಒಂದು ಸಂಘದ ಸಭೆ ಮುಗಿಸಿ ಮಧ್ಯಾಹ್ನ ಹೊರಟೆವು. ಶುಭಾಂಗಿಗೆ ಬೆಳಗಾವಿಯ ಕಚೇರಿಯಲ್ಲಿ ಕೆಲಸವಿತ್ತು. ಅಧ್ಯಕ್ಷರು, “ಬಾರವ್ವಾ ತಂಗಿ, ಬಸ್ಸಿಗೆ ಯಾಕ ಕಾಯ್ತಿ?” ಎಂದರು. ಅವರ ಆಪ್ತ ಸಹಾಯಕ ಗಿರೀಶ ಬೇರೆ ಗಾಡಿಯಲ್ಲಿ ಮುಂದೆ ಹೋದ. ಮುಂದಿನ ಸೀಟಿನಲ್ಲಿ ಹಣ್ಣಿನ ಬುಟ್ಟಿ, ಹಿಂದೆ ಅವರಿಬ್ಬರು. ಕನ್ನಡಿಯಲ್ಲಿ ಚಾವಣಿ.

ಖಾನಾಪುರ ದಾಟಿದ ಮೇಲೆ ಹಿಂದೆ ಬಳೆ ಸದ್ದಾಯಿತು. ಆಮೇಲೆ ಅವಳ ದನಿ, ಮೊದಲು ಸಣ್ಣಗೆ:

“ಹಾತ ಸೋಡಾ, ಸಾಹೇಬ.”

ಸ್ವಲ್ಪ ಹೊತ್ತಿಗೆ ಮತ್ತೆ, ಈಗ ಸಣ್ಣಗಲ್ಲ: “ಹಾತ ಸೋಡಾ ಮ್ಹಣತೇ ನಾ!”

ಕೈ ಬಿಡಿ ಅನ್ನುತ್ತಿದ್ದೇನಲ್ಲಾ, ಎಂದು. ನಮ್ಮ ಮನೆಯ ದಖನಿಯಲ್ಲಿ ಹಾತ್ ಛೋಡೋ, ಅವಳ ಮರಾಠಿಯಲ್ಲಿ ಹಾತ ಸೋಡಾ. ನನಗೆ ಅರ್ಥ ಹುಡುಕುವ ಕೆಲಸವೇ ಬರಲಿಲ್ಲ. ಗಣೇಬೈಲ್ ಹತ್ತಿರ ಗಾಡಿಯನ್ನು ಎಡಕ್ಕೆ ತೆಗೆದು ನಿಲ್ಲಿಸಿದೆ.

“ಯಾಕ ನಿಂದರಿಸಿದಿ?” ಅಧ್ಯಕ್ಷರ ದನಿ ಆಗಲೂ ಮೆತ್ತಗೇ ಇತ್ತು.

“ಗಾಡಿ ಎಡಕ್ಕ ಎಳಿಯಾಕತ್ತೈತ್ರಿ ಸಾಹೇಬ್ರ. ಮುಂದ ಭಾರ ಕಡಿಮಿ ಆಗೇತಿ.”

ಇಳಿದು ಸುತ್ತಿ ಬಂದೆ. ಮುಂದಿನ ಸೀಟಿನ ಹಣ್ಣಿನ ಬುಟ್ಟಿ ಎತ್ತಿದೆ. ಹಿಂದಿನ ಬಾಗಿಲು ತೆರೆದು, “ಶುಭಾಂಗಿಬಾಯಿ, ನೀವು ಮುಂದ ಕುಂದರ್ರಿ” ಎಂದೆ. ಅವಳು ಇಳಿದಳು. ಮಣಿಕಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಬುಟ್ಟಿಯನ್ನು ಅವಳಿದ್ದ ಜಾಗದಲ್ಲಿ, ಅಧ್ಯಕ್ಷರ ಬಾಜುವಿಗೆ ಇಟ್ಟೆ. ಗಾಡಿ ಹತ್ತಿ ಕನ್ನಡಿಯನ್ನು ಕೆಳಗೆ ಇಳಿಸಿದೆ. ಬೆಳಗಾವಿಯವರೆಗೂ ಕನ್ನಡಿಯಲ್ಲಿ ಒಂದು ಅನಾನಸು, ಅದರ ಹಿಂದೆ ಅಧ್ಯಕ್ಷರ ಮುಖ.

ಮುಂದಿನ ವಾರ ಶುಭಾಂಗಿ, ಹೆಣ್ಣುಮಕ್ಕಳ ಇಂಥ ದೂರು ವಿಚಾರಿಸುವ ಸಮಿತಿಗೆ ದೂರು ಕೊಟ್ಟಳು.

ಅದು ಮೊದಲ ಸಲದ್ದಲ್ಲ ಎಂದು ನನಗೆ ಆಗ ತಿಳಿಯಿತು. ಸೇರಿದಾಗಿನಿಂದ ಹೀಗೇ ನಡೆದಿತ್ತಂತೆ, ಸಭೆಯಲ್ಲಿ ಮೇಜಿನ ಕೆಳಗೆ, ಕಚೇರಿಯಲ್ಲಿ ಫೈಲು ಕೊಡುವಾಗ. ಅವಳು ಹೇಳಿಕೆ ಕೊಟ್ಟದ್ದು ಮರಾಠಿಯಲ್ಲಿ. ಬರೆದುಕೊಂಡವನು ನಮ್ಮ ಕಚೇರಿಯ ಬೆರಳಚ್ಚುಗಾರ ಸಂಗಮೇಶ. ಅವನು ಬೆಳಗಾವಿಯಲ್ಲೇ ಹುಟ್ಟಿದವನು, ಎರಡೂ ಭಾಷೆ ಅವನಿಗೆ ಎರಡು ಕೈ ಇದ್ದ ಹಾಗೆ. ಅವಳು “ಮಾಝಾ ಹಾತ ಧರಲಾ” ಅಂದದ್ದನ್ನು “ನನ್ನ ಕೈ ಹಿಡಿದರು” ಎಂದು ಟೈಪ್ ಹೊಡೆದ. “ಹಾತ ಸೋಡಾ” ಅಂದದ್ದನ್ನು “ಕೈ ಬಿಡಿ” ಎಂದು ಹೊಡೆದ. ಒಂದು ಶಬ್ದವೂ ತಪ್ಪಿಲ್ಲ. ಓದಿ ಹೇಳಿದಾಗ ಅವಳೂ ಹೌದೆಂದು, ಸಾಕ್ಷಿಗೆ ನನ್ನ ಹೆಸರು ಬರೆಸಿ ಸಹಿ ಮಾಡಿದಳು.

ಆದರೆ ಆ ಕಾಗದವನ್ನು ಮರಾಠಿಯ ನೆನಪಿಲ್ಲದೆ, ಬರಿಯ ಕನ್ನಡದಲ್ಲಿ ಓದಿ ನೋಡಿ: “ಕೆಲಸಕ್ಕೆ ಸೇರಿದಾಗಿನಿಂದ ಅಧ್ಯಕ್ಷರು ನನ್ನ ಕೈ ಹಿಡಿಯುತ್ತ ಬಂದಿದ್ದಾರೆ. ನಂದಗಡದ ಸಭೆಯ ದಿನವೂ ಹಿಡಿದರು. ಕೈ ಬಿಡಿ ಎಂದೆ.” ಕಷ್ಟದಲ್ಲಿ ಕೈ ಹಿಡಿದವರು ಎಂದು ನಾವು ಯಾರಿಗೆ ಅನ್ನುತ್ತೇವೆ? ಆಸರೆಯಾದವರಿಗೆ. ಸಂಗಮೇಶನಿಗೆ ಇದು ಹೊಳೆಯಲಿಲ್ಲ, ಏಕೆಂದರೆ ಅವನ ಕಿವಿಯಲ್ಲಿ ಕನ್ನಡದ ಬೆನ್ನಿಗೆ ಮರಾಠಿಯೂ ನುಡಿಯುತ್ತಿತ್ತು. ಇಂಥ ತಪ್ಪು ನಮ್ಮ ಊರಿನಲ್ಲಿ ಮಾತ್ರ ಆಗುತ್ತದೆ.

ಅಧ್ಯಕ್ಷರ ಕಡೆಯವರಿಗೆ ಅದು ಕೂಡಲೇ ಹೊಳೆಯಿತು. ಅವರ ಉತ್ತರ ಸಿದ್ಧವಾಯಿತು: ಬಡ ಹೆಣ್ಣುಮಗಳಿಗೆ ಆಸರೆಯಾದದ್ದು ನಿಜ, ಅವಳೇ ಒಪ್ಪಿದ್ದಾಳೆ, ಈಗ ವಿರೋಧ ಪಕ್ಷದವರ ಮಾತು ಕೇಳಿ, ನಿಮ್ಮ ಸಹಾಯ ಬೇಡ, ಬಿಡಿ ಎಂದಳು, ಅದಕ್ಕೆ ಬೇರೆ ಬಣ್ಣ ಹಚ್ಚುತ್ತಿದ್ದಾರೆ. ಕಚೇರಿಯಲ್ಲಿ ಅರ್ಧ ಜನ ಇದನ್ನು ನಂಬಿದರು. ಇನ್ನರ್ಧ ಜನ ನಂಬಿದ ಹಾಗೆ ಮಾಡಿದರು. ವಿಷಯ ಗೊತ್ತಿದ್ದ ಹೆಂಗಸರು ಅವಳ ಬಾಜು ಕೂತು ಉಣ್ಣುವುದನ್ನು ಬಿಟ್ಟರು.

ಡ್ರೈವರರ ಶೆಡ್ಡಿನಲ್ಲಿ ಒಬ್ಬ ಮೊಬೈಲಿನಲ್ಲಿ ಸುದ್ದಿ ನೋಡುತ್ತಿದ್ದ. “ನೋಡ್ರಿಲ್ಲೆ, ಅಮೆರಿಕಾದಾಗೂ ಇದ ಹಣೇಬರಾ. ಯಾವನೋ ಗವರ್ನರ್ ಅಂತ. ಆಫೀಸಿನ ಹೆಣ್ಮಕ್ಕಳು ಹೇಳಿದ್ರು, ರಾಜೀನಾಮೆ ಕೊಟ್ಟನಂತ.”

ಇನ್ನೊಬ್ಬ ಬೀಡಿ ಹಚ್ಚುತ್ತ ಅಂದ: “ಅಲ್ಲಿ ಗವರ್ನರ್ ರಾಜೀನಾಮೆ ಕೊಡ್ತಾನ, ಇಲ್ಲಿ ಡ್ರೈವರ್ ಬದಲಿ ಆಗ್ತಾನ. ಏನ್ ದಾವಲ್, ನಿನಗ ಬೀದರ ಸೇರತೈತೋ ಚಾಮರಾಜನಗರೋ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ನನಗೆ ನಿವೃತ್ತಿ ಹತ್ತಿರವಿತ್ತು. ಆ ವಯಸ್ಸಿನಲ್ಲಿ ಬೀದರು ಅಂದರೆ ಸಣ್ಣ ಮಾತಲ್ಲ.

ಎರಡು ದಿನಕ್ಕೆ ಗಿರೀಶ ಬಂದ. ಚಹಾ ಹೇಳಿದ, ಹೆಗಲ ಮೇಲೆ ಕೈ ಹಾಕಿದ. “ದಾವಲಣ್ಣ, ನಿನಗ ಯಾರೂ ಸುಳ್ಳು ಹೇಳ ಅನ್ನೂದಿಲ್ಲ. ಸಮಿತಿ ಮುಂದ ಖರೇನ ಹೇಳು. ಕನ್ನಡಿ ಮ್ಯಾಲಿತ್ತು, ನಾ ಏನೂ ನೋಡಿಲ್ಲ. ಇದು ಖರೇನೋ ಸುಳ್ಳೋ?”

“ಖರೇರಿ.”

“ಮತ್ತ ಮುಗೀತಲ್ಲ! ಖರೇ ಹೇಳಿ ಮನಿಗ್ ಹೋಗು.”

ಅವನು ಹೋದ ಮೇಲೆ ಚಹಾ ಆರಿಹೋಯಿತು, ಕುಡಿಯಲಾಗಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ. ಆದರೂ ಅದನ್ನು ಹೇಳಿ ಹೊರಗೆ ಬಂದರೆ ಶುಭಾಂಗಿಯ ಮಾತು ನೆಲಕ್ಕೆ ಬೀಳುತ್ತದೆ, ನೌಕರಿ ಹೋಗುತ್ತದೆ, ನೌಕರಿಗಿಂತ ಮೊದಲು ಹೆಸರು ಹೋಗುತ್ತದೆ ಎನ್ನುವುದು ಗೊತ್ತಿತ್ತು. ಮನೆಗೆ ಹೋಗಿ ಹೆಂಡತಿ ಹಸೀನಾಳಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಲಿಲ್ಲ.

“ಆಯನಾ ಫಿರಾಯೇ ತೋ ಕ್ಯಾ ಹುವಾ? ಕಾನ್ ಭೀ ಫಿರಾಯೇ ಕ್ಯಾ?”

ಕನ್ನಡಿ ತಿರುಗಿಸಿದರೆ ಏನಾಯಿತು, ಕಿವಿಯನ್ನೂ ತಿರುಗಿಸಿದರೇನು, ಅಂತ. ಅವಳು ಮೊರ ಕೆಳಗಿಟ್ಟು, “ಬೀದರಕ್ಕ ಹಾಕಿದ್ರ ಇಬ್ರೂ ಹೋಗೂಣು. ಅಲ್ಲೇನು ಅಕ್ಕಿ ಸಿಗೂದಿಲ್ಲೇನು?” ಎಂದಳು. ಆಗ ನನಗೆ ಹಸಿವಾಯಿತು.

ಸಮಿತಿ ಸೇರಿದ್ದು ಬೆಳಗಾವಿಯಲ್ಲಿ, ಹಳೆಯ ಕಟ್ಟಡದ ಒಂದು ಕೋಣೆಯಲ್ಲಿ. ಮುಖ್ಯಸ್ಥರು ವಸುಧಾ ಮೇಡಂ, ಮೈಸೂರು ಕಡೆಯವರು, ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದವರು. ಅವರ ಬಾಜುವಿಗೆ ಇನ್ನಿಬ್ಬರು ಸದಸ್ಯರು. ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಸಂಗಮೇಶ. ಒಂದು ಕಡೆ ಶುಭಾಂಗಿ, ಇನ್ನೊಂದು ಕಡೆ ಅಧ್ಯಕ್ಷರ ಪರವಾಗಿ ಗಿರೀಶ. ಅಧ್ಯಕ್ಷರಿಗೆ ಅಂದು ಜ್ವರವಂತೆ. ನನಗೆ ಕುರ್ಚಿ ಕೊಟ್ಟರು. ಅಷ್ಟು ವರ್ಷದಲ್ಲಿ ಸಾಹೇಬರ ಕೋಣೆಯೊಳಗೆ ನಾನು ಕೂತದ್ದು ಅದೇ ಮೊದಲು.

“ನೀವು ಅಂದು ಏನು ನೋಡಿದಿರಿ?” ಎಂದು ವಸುಧಾ ಮೇಡಂ ಕೇಳಿದರು.

“ಏನೂ ನೋಡಿಲ್ರಿ. ಕನ್ನಡಿ ಮ್ಯಾಲ ಮಾಡಿಸಿದ್ರು.”

ಗಿರೀಶ ಕುರ್ಚಿಗೆ ಒರಗಿದ.

“ಯಾರು ಮಾಡಿಸಿದ್ದು?”

“ಅಧ್ಯಕ್ಷರು. ಬಂದ ದಿನನ ಹೇಳಿದ್ರು. ನೋಡಿಲ್ರಿ, ಆದ್ರ ಕೇಳೇನಿ.”

ಗಿರೀಶ ಮತ್ತೆ ನೆಟ್ಟಗಾದ. “ಮೇಡಂ, ಇವರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ವೈದ್ಯರ ಚೀಟಿ ಕಚೇರಿಯಲ್ಲೇ ಇದೆ.”

“ಬಲಗಿವಿ ಮಂದ ಐತ್ರಿ, ಖರೇ. ಕಿಡಕಿ ಕಡೀದು, ಹಾರ್ನ್ ಕೇಳಿ ಕೇಳಿ ಹೋಗೇತಿ. ಗಾಡಿ ಒಳಗಿನ ಮಾತಿಗೆ ಎಡಗಿವಿ ಐತ್ರಿ.”

ಸದಸ್ಯರಲ್ಲೊಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು. ನಾನು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ, ಮರಾಠಿಯಲ್ಲೇ. ಎರಡು ಸಲ ಅಂದಳು, ಎರಡನೇ ಸಲ ಜೋರಾಗಿ ಅಂದಳು, ನಾನು ಗಾಡಿ ನಿಲ್ಲಿಸಿದೆ, ಬುಟ್ಟಿ ಹಿಂದಿಟ್ಟೆ. ಸಂಗಮೇಶ ಟಕಟಕ ಹೊಡೆದುಕೊಂಡ. ಮೇಡಂ ಓದಿ ಎಂದಾಗ ಓದಿದ: “ಕೈ ಬಿಡಿ ಎಂದು ಹೇಳಿದ್ದನ್ನು ಕೇಳಿದ್ದೇನೆ.”

ಗಿರೀಶ ಎದ್ದು ನಿಂತ. ಅವನ ಮುಖ ಅರಳಿತ್ತು. “ನೋಡಿ ಮೇಡಂ, ಸಾಕ್ಷಿಯೂ ಅದನ್ನೇ ಹೇಳುತ್ತಿದ್ದಾರೆ. ಅಧ್ಯಕ್ಷರು ಇವರ ಕೈ ಹಿಡಿದಿದ್ದರು, ಒಪ್ಪಂದ ಮುಂದುವರಿಸಿದವರೇ ಅವರು. ಇವರು ಕೈ ಬಿಡಿ ಅಂದರು. ಇನ್ನು ನಿಮ್ಮ ಸಹಾಯ ಬೇಡ ಅಂತ. ಇದರಲ್ಲಿ ಅಸಭ್ಯ ಏನಿದೆ?”

ನನ್ನ ಮಾತನ್ನೇ ತೆಗೆದುಕೊಂಡು ಅವನು ಅವಳಿಗೆ ಹೊಡೆದಿದ್ದ. ವಸುಧಾ ಮೇಡಂ ಕಾಗದವನ್ನು ಇನ್ನೊಮ್ಮೆ ಓದಿದರು. “ನನಗೆ ಮರಾಠಿ ಬರುವುದಿಲ್ಲಮ್ಮ,” ಎಂದರು ಶುಭಾಂಗಿಗೆ. “ನಿನ್ನ ಮಾತನ್ನು ನಾನು ಅನುಮಾನಿಸುತ್ತಿಲ್ಲ. ಆದರೆ ಈ ಕಾಗದ ನಾಳೆ ಮೇಲಿನವರ ಹತ್ತಿರ ಹೋಗುತ್ತದೆ, ಅವರು ನಿನ್ನ ಮುಖ ನೋಡುವುದಿಲ್ಲ, ಇದನ್ನು ಮಾತ್ರ ಓದುತ್ತಾರೆ. ಹೀಗೆ ಓದಿದರೆ ಎರಡು ಅರ್ಥ ಬರುತ್ತದೆ.”

ಶುಭಾಂಗಿ ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದಳು. ಈಗ ಎದ್ದಳು. ನೀರು ಕುಡಿಯಲು ಹೋಗುತ್ತಾಳೆ ಎಂದುಕೊಂಡೆ. ಅವಳು ನೇರವಾಗಿ ಮೂಲೆಗೆ ಹೋಗಿ, ಕಂಪ್ಯೂಟರಿನ ಮೇಲಿದ್ದ ಸಂಗಮೇಶನ ಮಣಿಕಟ್ಟನ್ನು ಗಪ್ಪನೆ ಹಿಡಿದಳು. ಹಿಡಿದು ತನ್ನ ಕಡೆಗೆ ಎಳೆದುಕೊಂಡಳು.

ಸಂಗಮೇಶ ಬೆಚ್ಚಿಬಿದ್ದ. “ಏ... ಏನ್ರಿ ಇದು? ಏನ್ ಮಾಡಾಕತ್ತೀರಿ?”

ಅವಳು ಇನ್ನೂ ಬಿಗಿಯಾಗಿ ಹಿಡಿದಳು. ಮೂರು ಹೊತ್ತು ರೊಟ್ಟಿ ಬಡಿದ ಕೈ ಅದು. ಅವನು ಕೊಸರಿಕೊಂಡ, ಕುರ್ಚಿ ಕಿರುಗುಟ್ಟಿತು, ಕಿವಿಯವರೆಗೂ ಕೆಂಪಾದ. ಎಲ್ಲರ ಮುಖ ನೋಡಿದ. ಕಡೆಗೆ ದನಿ ಒಡೆದು ಕೂಗಿದ:

“ಕೈ ಬಿಡ್ರಿ ಬಾಯಿ! ಕೈ ಬಿಡ್ರಿ ಅನ್ನಾಕತ್ತೀನಲ್ಲ!”

ಅವಳು ಬಿಟ್ಟಳು.

“ನಾನೂ ಇದನ್ನ ಅಂದಿದ್ದು, ಅಣ್ಣಾ,” ಎಂದಳು ತನ್ನ ಸಂತೆಯ ಕನ್ನಡದಲ್ಲಿ. “ನಿಮಗ ನಾ ಆಸರಾ ಕೊಟ್ಟೆನೇನು ಈಗ? ಇದಕ್ಕ ನಿಮ್ಮ ಭಾಷಾದಾಗ ಏನಂತಾರೋ ನನಗ ಗೊತ್ತಿಲ್ಲ. ಅದನ್ನ ಬರೀರಿ.”

ಸಂಗಮೇಶ ಮಣಿಕಟ್ಟು ತಿಕ್ಕಿಕೊಳ್ಳುತ್ತ ಕೂತ. ಬಳೆ ಹಾಕುವ ಜಾಗದಲ್ಲಿ ನಾಲ್ಕು ಬೆರಳು ಮೂಡಿದ್ದವು. ಅವನು ಅದನ್ನು ನೋಡಿದ, ಆಮೇಲೆ ಪರದೆಯ ಮೇಲೆ ತಾನೇ ಹೊಡೆದಿದ್ದ ಸಾಲನ್ನು ನೋಡಿದ. “ಮೇಡಂ,” ಎಂದ ಮೆಲ್ಲಗೆ, “ನಾ ಬರದದ್ದು ಸರಿ ಐತಿ ಅಂತ ತಿಳ್ಕೊಂಡಿದ್ದೆ.”

“ಸರಿಯಾಗಿಯೇ ಬರೆದಿದ್ದೀರಿ,” ಎಂದರು ವಸುಧಾ ಮೇಡಂ. “ನಾನು ಓದಿದ್ದು ಬೇರೆಯಾಯಿತು. ಈಗ ಹೀಗೆ ಮಾಡಿ. ಆಕೆ ಅಂದದ್ದನ್ನು ಮರಾಠಿಯಲ್ಲೇ ಬರೆಯಿರಿ. ಅದರ ಕೆಳಗೆ, ಮಣಿಕಟ್ಟನ್ನು ಬಲವಂತವಾಗಿ ಹಿಡಿದು ಎಳೆದರು, ಬಿಡಿಸಿಕೊಳ್ಳಲು ಕೂಗಿದೆ ಅಂತ ಬರೆಯಿರಿ. ಅದರ ಕೆಳಗೆ, ಸಮಿತಿಯ ಎದುರು ಹಿಡಿದು ತೋರಿಸಿದರು, ಹಿಡಿಸಿಕೊಂಡವರು ಯಾವ ಮಾತು ಕೂಗಿದರು, ಅದನ್ನೂ ಬರೆಯಿರಿ.” ಆಮೇಲೆ ಗಿರೀಶನ ಕಡೆ ತಿರುಗಿದರು. “ನಿಮಗೆ ಇನ್ನೂ ಅರ್ಥದಲ್ಲಿ ಅನುಮಾನ ಇದ್ದರೆ ಹೇಳಿ. ಆಕೆ ಅಲ್ಲೇ ನಿಂತಿದ್ದಾಳೆ.”

ಗಿರೀಶ ತನ್ನ ಎರಡೂ ಕೈಯನ್ನು ಮೇಜಿನ ಕೆಳಗೆ ಇಳಿಸಿದ.

ಹೊರಗೆ ಬಂದ ಮೇಲೆ ಮೆಟ್ಟಿಲ ಹತ್ತಿರ ಶುಭಾಂಗಿ ನಿಂತಿದ್ದಳು. ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು. “ಮಾಮಾ, ನಾ ಆ ಮನಶ್ಯಾಗ ಬ್ಯಾನಿ ಮಾಡಿದ್ನೇನೋ.” ಅಷ್ಟರಲ್ಲಿ ಸಂಗಮೇಶನೇ ಇಳಿದು ಬಂದ. “ಬಾಯಿ, ಚಹಾ ಕುಡ್ಯೂಣು ಬರ್ರಿ,” ಎಂದ. “ಆದ್ರ ಬಾಜು ಕುಂದ್ರೂದಿಲ್ಲ ನಾ, ಎದುರಿಗೆ ಕುಂದರ್ತೀನಿ.” ಅವಳು ನಕ್ಕಳು. ಎಷ್ಟೋ ವಾರದ ಮೇಲೆ ನಕ್ಕದ್ದಂತೆ. ನನಗೂ ಎದೆಯ ಮೇಲಿನ ಚೀಲ ಇಳಿಸಿದ ಹಾಗಾಯಿತು. ರವಿವಾರ ಪೇಟೆಯಲ್ಲಿ ಅಬ್ಬಾ ಕೈಗಾಡಿಯ ಮೂಕಿ ಕೆಳಗಿಟ್ಟು ಉಸಿರು ಬಿಡುತ್ತಿದ್ದರಲ್ಲ, ಅಂಥ ಉಸಿರು.

ಸಮಿತಿಯ ವರದಿ ಅವಳ ಪರವಾಗಿ ಹೋಯಿತು. ಅಧ್ಯಕ್ಷರು ಆರೋಗ್ಯದ ಕಾರಣ ಹೇಳಿ ರಾಜೀನಾಮೆ ಕೊಟ್ಟರು. ಅದು ಅವರ ಮಾತು, ಇರಲಿ. ಪೊಲೀಸರಲ್ಲಿ ಹಾಕಿದ ಪ್ರಕರಣ ಇನ್ನೂ ನಡೆದಿದೆ, ಅದರ ಬಗ್ಗೆ ನಾನು ಬರೆಯಬಾರದು. ಅವರ ಗಾಡಿಯ ಮುಂದಿನ ಸೀಟನ್ನು ನಾನೇ ತೊಳೆದೆ; ಸಂದಿಯಲ್ಲಿ ಒಣಗಿದ ಚೆಂಡುಹೂವಿನ ಎಸಳು ಬಹಳ ದಿನ ಸಿಗುತ್ತಿದ್ದವು. ಕೋಟೆಯ ಎದುರಿನ ಫ್ಲೆಕ್ಸಿನ ತುಂಡೊಂದು ಚಹಾದಂಗಡಿಯವನ ಚಪ್ಪರವಾಗಿದೆ. ಅದರಡಿಯಲ್ಲಿ ಕೂತರೆ ತಲೆಯ ಮೇಲೆ ಆ ಮೂಗು. ನನ್ನನ್ನು ಬೀದರಿಗೂ ಹಾಕಲಿಲ್ಲ, ಚಾಮರಾಜನಗರಕ್ಕೂ ಹಾಕಲಿಲ್ಲ. ಹಸೀನಾ ಮಾತ್ರ, “ಬೀದರ ನೋಡೂದು ತಪ್ಪಿತು” ಎಂದು ಇನ್ನೂ ಛೇಡಿಸುತ್ತಾಳೆ.

ಹೊಸ ಹುಡುಗರಿಗೆ ನಾನು ಹೇಳುವುದು ದೊಡ್ಡದೇನೂ ಇಲ್ಲ. ನಡುಗನ್ನಡಿ ಗಾಡಿಗೆ ಸೇರಿದ್ದು. ಅದನ್ನು ಮೇಲಕ್ಕೆ ಮಾಡು ಅಂದರೆ, ರಸ್ತೆ ಕಾಣುವುದಿಲ್ಲರಿ ಸಾಹೇಬ್ರ ಅನ್ನಿ. ಮುಂದಿನ ಸೀಟು ಖಾಲಿ ಇಡಿ. ಯಾರಾದರೂ ನಿಮಗೆ ಖರೇ ಮಾತನ್ನೇ ಹೇಳು ಎಂದು ಚಹಾ ಕುಡಿಸಿದರೆ, ಯಾವ ಖರೇ ಮಾತನ್ನು ಹೇಳದಿರಲಿ ಅಂತ ಅವರು ಬಯಸುತ್ತಾರೆ ಎಂದು ಮೊದಲು ಯೋಚಿಸಿ.

ಹೋದ ತಿಂಗಳು ಖಾನಾಪುರಕ್ಕೆ ಹೋಗಿದ್ದೆ. ಮಂಡಳಿಯ ಜೀಪು ನನ್ನ ಸ್ಕೂಟರನ್ನು ದಾಟಿ ಹೋಯಿತು. ಸ್ಟೀರಿಂಗ್ ಹಿಡಿದವನು ಬೀಳ್ಕೊಡುಗೆಯ ದಿನ ಪ್ರಶ್ನೆ ಕೇಳಿದ ಅದೇ ಹುಡುಗ. ಮುಂದಿನ ಸೀಟಿನಲ್ಲಿ ಶುಭಾಂಗಿ ಕೂತಿದ್ದಳು, ತೊಡೆಯ ಮೇಲೆ ಫೈಲು. ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದಳು, ಬಳೆ ಕಂಡವು. “ಮಾಮಾ!” ಎಂದು ಕೂಗಿದ್ದು ಎಡಗಿವಿಗೆ ಕೇಳಿಸಿತು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಎರಡು ಕೋಣೆಯ ಒಂದು ಮನೆ. ಒಬ್ಬ ಹೆಂಡತಿ. ಮೂರು ಭಾಷೆ. ಒಂದು ಸ್ಕೂಟರು, ಅದಕ್ಕೆ ಎರಡು ಕನ್ನಡಿ, ಎರಡೂ ರಸ್ತೆಗೆ ತಿರುಗಿವೆ. ಒಂದು ಕಿವಿ.